ಮಗಳನ್ನು ಸಾಹಸ ಶಿಬಿರಕ್ಕೆ ಕಳಿಸಲಾ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಹೇಳಿ

ಜೇವರ್ಗಿ ರಸ್ತೆಯ ಅಮ್ಮ

ಎಲ್ಲರಿಗೂ ಶರಣು. ನನ್ನ ಮಗಳು ಒಂಬತ್ತನೇ ಕ್ಲಾಸು. ಹೋದ ವಾರ ಶಾಲೆಯಿಂದ ಒಂದು ಫಾರ್ಮ್ ತಂದಳು. ಸಾಹಸ ಮತ್ತು ನಾಯಕತ್ವ ಶಿಬಿರ, ಐದು ದಿನ, ದಾಂಡೇಲಿ ಕಡೆ. ಬಂಡೆ ಹತ್ತುವುದು, ಕಾಳಿ ನದಿಯಲ್ಲಿ ರಾಫ್ಟಿಂಗ್, ಟೆಂಟಿನಲ್ಲಿ ಮಲಗುವುದು. ಫೀ 14,000 ರೂಪಾಯಿ.

ದುಡ್ಡು ಹೇಗೋ ಹೊಂದಿಸಬಹುದು. ಮನಸ್ಸು ಒಪ್ಪುತ್ತಿಲ್ಲ. ಆಳಂದದ ಅಜ್ಜಿ ಮನೆ ಬಿಟ್ಟರೆ ಅವಳು ಎಲ್ಲೂ ನಮ್ಮನ್ನು ಬಿಟ್ಟು ಮಲಗಿದವಳಲ್ಲ. ಅತ್ತೆಯವರಂತೂ "ಬೆಳೆದ ಹುಡುಗೀನ ಕಾಡಿಗೆ ಕಳಿಸ್ತೀಯಾ?" ಅಂದು ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಮಗಳು ಹಟ ಮಾಡಲಿಲ್ಲ. ಫಾರ್ಮನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು, ಅಷ್ಟೇ. ಹಾಲು ತೆಗೆಯಲು ಹೋದಾಗೆಲ್ಲ ಅದೇ ಕಣ್ಣಿಗೆ ಬೀಳುತ್ತದೆ.

ಮಕ್ಕಳನ್ನು ಕಳಿಸಿದವರು ಇದ್ದರೆ ಹೇಳಿ. ಭಯ ಪಡುವಂಥದ್ದು ಏನಾದ್ರೂ ಇದೆಯಾ? ಐದು ದಿನದಲ್ಲಿ ನಾಯಕತ್ವ ಅನ್ನೋದು ಬರುತ್ತಾ? ಇದನ್ನೆಲ್ಲ ನಮ್ಮ ಕಡೆಯೇ ಮಾಡಲು ಆಗಲ್ವಾ?

ಬೀದರ್ ಅಪ್ಪ

ಕಳಿಸಿ ಅಕ್ಕಾರೆ. ನನ್ನ ಮಗ ಹೋಗಿ ಬಂದ. ಬಂದ ದಿನದಿಂದ ಉಂಡ ತಟ್ಟೆ ತಾನೇ ತೊಳೆಯುತ್ತಾನೆ.

ಸುರಪುರದ ರೈತ

ತಪ್ಪು ತಿಳಿಯಬೇಡಿ, ಮನಸ್ಸಿನಲ್ಲಿ ಇದ್ದದ್ದು ಹೇಳುತ್ತೇನೆ. ನಮ್ಮ ಕಡೆ ಹುಡುಗರು ಹನ್ನೆರಡು ವರ್ಷಕ್ಕೇ ಕುರಿ ಹೊಡೆದುಕೊಂಡು ಗುಡ್ಡ ಸುತ್ತಿ ಬರುತ್ತಾರೆ. ರಾತ್ರಿ ಹೊಲಕ್ಕೆ ನೀರು ಬಿಡಲು ಬ್ಯಾಟರಿ ಹಿಡಿದು ಒಬ್ಬರೇ ಹೋಗುತ್ತಾರೆ. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಪಟ್ಟಣದ ಮಕ್ಕಳು 14,000 ಕೊಟ್ಟು ಒಂದು ರಾತ್ರಿ ಹೊರಗೆ ಮಲಗಿದರೆ ಅದಕ್ಕೆ ಸಾಹಸ ಅನ್ನುತ್ತಾರೆ. ರಜೆಗೆ ನಮ್ಮ ಹೊಲಕ್ಕೆ ಕಳಿಸಿ, ತೊಗರಿ ರಾಶಿ ಮಾಡಲಿ. ಅದಕ್ಕಿಂತ ದೊಡ್ಡ ಶಿಬಿರ ಯಾವುದು?

ಶಹಾಪುರದ ಮೇಷ್ಟ್ರು

ಅಣ್ಣಾರೆ, ನಿಮ್ಮ ಮಾತಿಗೆ ನಾನು ಎದುರು ಹೇಳುವುದಿಲ್ಲ. ಅದನ್ನೇ ಕಣ್ಣಾರೆ ಕಂಡ ಒಂದು ದಿನದ ಬಗ್ಗೆ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸ್ಕೌಟ್ ನೋಡಿಕೊಳ್ಳುತ್ತೇನೆ. ನಮ್ಮ ಶಹಾಪುರದ ಗುಡ್ಡಗಳನ್ನು ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ, ನೀವೆಲ್ಲ ನೋಡಿರುತ್ತೀರಿ. ಡಿಸೆಂಬರಿನ ಒಂದು ಭಾನುವಾರ 18 ಮಕ್ಕಳನ್ನು ಕರೆದುಕೊಂಡು ಅಲ್ಲಿಯ ಒಂದು ಗುಡ್ಡಕ್ಕೆ ಹೋಗಿದ್ದೆ. ನಮ್ಮಲ್ಲಿ ಒಂದು ಪದ್ಧತಿ. ಪ್ರತಿ ಸಲ ಒಬ್ಬ ಹುಡುಗ ಅಥವಾ ಹುಡುಗಿ ದಿನದ ನಾಯಕ. ಯಾವ ದಾರಿ, ಎಲ್ಲಿ ಕೂರುವುದು, ಯಾವಾಗ ನೀರು, ಎಲ್ಲ ಅವರದೇ. ಜೀವಕ್ಕೆ ಅಪಾಯ ಕಂಡರೆ ಮಾತ್ರ ನಾನು ಬಾಯಿ ಬಿಡುತ್ತೇನೆ.

ಆ ದಿನ ಸರದಿ ಬಂದದ್ದು ಕುರಿ ಕಾಯುವವರ ಮನೆಯ ಹುಡುಗನಿಗೆ. ಕ್ಲಾಸಿನಲ್ಲಿ ಕೊನೆಯ ಬೆಂಚು. ಎರಡು ವರ್ಷದಲ್ಲಿ ಅವನ ಧ್ವನಿ ನಾನು ಕೇಳಿದ್ದು ಹಾಜರಿ ಹೇಳುವಾಗ ಮಾತ್ರ. ಅವನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಎಲ್ಲರಿಗಿಂತ ನಿಧಾನ ನಡೆಯುವ ಇಬ್ಬರನ್ನು ಮುಂದೆ ಬಿಟ್ಟ. ತಾನು ಹಿಂದೆ ನಿಂತ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮುಕ್ಕಾಲು ಗುಡ್ಡ ಹತ್ತಿದ್ದೆವು. ಏಳನೇ ಕ್ಲಾಸಿನ ಒಬ್ಬನ ಚಪ್ಪಲಿ ಉಂಗುಟ ಕಿತ್ತುಹೋಯಿತು. ಇವನು ಕೂತು ಪಿನ್ನು ಹಾಕಿ ನೋಡಿದ. ನಾಲ್ಕು ಹೆಜ್ಜೆಗೆ ಮತ್ತೆ ಕಿತ್ತಿತು. ಆಗಲೇ ಹತ್ತೂವರೆ, ಬಂಡೆ ಕಾಯತೊಡಗಿತ್ತು. ತುಂಬಿದ ಬಾಟಲಿ ಆರು ಉಳಿದಿದ್ದವು. ಅವನು ಅವನ್ನೇ ಒಂದು ಗಳಿಗೆ ನೋಡಿ "ವಾಪಸ್ ಹೋಗೋಣ" ಅಂದ.

ಉಳಿದವರು ಕೂಗಾಡಿದರು. ತುದಿ ಎದುರಿಗೇ ಕಾಣುತ್ತಿತ್ತು. "ಅವನು ಇಲ್ಲೇ ಕೂರಲಿ, ನಾವು ಹೋಗಿ ಬರ್ತೀವಿ" ಅಂತ ಒಬ್ಬಳು ಹೇಳಿದಳು. ಇವನು ಅಂದ: "ಎರಡು ಭಾಗ ಆದರೆ ಲೆಕ್ಕ ತಪ್ಪುತ್ತದೆ. ನಮ್ಮ ಕುರಿ ಹಂಗೇ ಕಳೆದಿದ್ದು." ತನ್ನ ಚಪ್ಪಲಿ ಬಿಚ್ಚಿ ಚಿಕ್ಕವನ ಮುಂದೆ ಇಟ್ಟು, ಬರಿಗಾಲಲ್ಲಿ ಇಳಿಯತೊಡಗಿದ. ನನಗೂ ತುದಿ ತೋರಿಸುವ ಆಸೆ ಇತ್ತು. ನಾಲಿಗೆ ಕಚ್ಚಿಕೊಂಡು ಹಿಂದೆ ನಡೆದೆ.

ಕೆಳಗೆ ಬೇವಿನ ಮರದ ಬುಡದಲ್ಲಿ ಕೂತು ಎಂದಿನ ಮೂರು ಪ್ರಶ್ನೆ ಕೇಳಿದೆ. ಏನಾಯಿತು? ಅದರಿಂದ ಏನು ತಿಳಿಯಿತು? ಮುಂದಿನ ಸಲ ಏನು ಮಾಡೋಣ? ಮೇಲೆ ಕೂಗಾಡಿದ ಹುಡುಗಿಯೇ ಮೊದಲು ಮಾತಾಡಿದಳು. "ನನಗೆ ಸಿಟ್ಟು ಇನ್ನೂ ಇದೆ ಸರ್. ಆದರೆ ನನ್ನ ಚಪ್ಪಲಿ ಹರಿದಿದ್ದರೂ ಅವನು ಹಿಂಗೇ ಮಾಡ್ತಿದ್ದ."

ಅಣ್ಣಾರೆ, ಆ ಹುಡುಗನಿಗೆ ಇದನ್ನು ಕಲಿಸಿದ್ದು ನಿಮ್ಮಂಥವರ ಹೊಲ, ಕುರಿ. ಆದರೆ ಉಳಿದ 17 ಮಕ್ಕಳಿಗೆ ಅವನಲ್ಲಿ ಇಷ್ಟು ಇದೆ ಅಂತ ಗೊತ್ತಾದದ್ದು ಆ ಗುಡ್ಡದ ಮೇಲೆ. ಅವನಿಗೂ ಗೊತ್ತಾದದ್ದು ಅಲ್ಲೇ ಇರಬೇಕು.

ಸುರಪುರದ ರೈತ

ಮೇಷ್ಟ್ರೆ, ಓದಿ ಕಣ್ಣು ತುಂಬಿತು. ಒಪ್ಪಿದೆ.

ಸೇಡಂನ ತಾಯಿ

ನಾನು ಕಹಿ ಅನುಭವ ಹೇಳಲೇಬೇಕು. ಎರಡು ವರ್ಷದ ಹಿಂದೆ ಮಗನನ್ನು ಒಂದು ಬೇಸಿಗೆ ಶಿಬಿರಕ್ಕೆ ಕಳಿಸಿದ್ದೆ. ಮೇ ತಿಂಗಳು. ನಮ್ಮ ಕಡೆಯ ಮೇ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೆ ಮಕ್ಕಳನ್ನು ಬಯಲಿನಲ್ಲಿ ಓಡಿಸಿದ್ದಾರೆ. ಟ್ಯಾಂಕರ್ ಬರುವುದು ತಡವಾಗಿದೆ. ನೀರು ಕೇಳಿದವರಿಗೆ "ಸೈನಿಕರು ಹಿಂಗೆ ಕೇಳ್ತಾರಾ?" ಅಂದಿದ್ದಾರೆ. ನನ್ನ ಮಗ ತಲೆ ಸುತ್ತಿ ಬಿದ್ದ. ನಮಗೆ ಫೋನ್ ಬಂದದ್ದು ಸಂಜೆ ಏಳಕ್ಕೆ. ದೇವರ ದಯೆ, ಎರಡು ಬಾಟಲಿ ಗ್ಲೂಕೋಸ್ ಹಾಕಿದ ಮೇಲೆ ಸರಿಹೋದ.

ಅವನು ಇವತ್ತಿಗೂ ಶಿಬಿರ ಅಂದರೆ ಮುಖ ತಿರುಗಿಸುತ್ತಾನೆ. ಅಲ್ಲಿ ಅವನಿಗೆ ಕಲಿಸಿದ್ದು ಬಾಯಿ ಮುಚ್ಚಿಕೊಂಡು ಇರುವುದನ್ನು. ಅದನ್ನು ನಾಯಕತ್ವ ಅಂತ ಹೇಗೆ ಕರೆಯಲಿ?

ಮಕ್ಕಳ ಡಾಕ್ಟ್ರು, ಕಲಬುರಗಿ

ಸೇಡಂನ ತಾಯಿ ಬರೆದದ್ದು ಓದಿ ಬಹಳ ಬೇಜಾರಾಯಿತು. ಇದು ತಪ್ಪಿಸಬಹುದಾಗಿದ್ದ ತೊಂದರೆ.

ನಮ್ಮ ಮೂರೂ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಯಲಿನಲ್ಲಿ ಮಕ್ಕಳ ಶಿಬಿರ ಬೇಡವೇ ಬೇಡ. ನವೆಂಬರಿನಿಂದ ಫೆಬ್ರವರಿ ಮೊದಲ ವಾರದವರೆಗೆ ಒಳ್ಳೆಯ ಕಾಲ. ಮನೆಯೊಳಗೆ ಫ್ಯಾನಿನ ಕೆಳಗೆ ಇದ್ದ ಮಗು ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನವೇ ಓಡಿಸಬಾರದು.

ತಲೆನೋವು, ವಾಕರಿಕೆ, ಕಾಲಿನ ಸೆಳೆತ ಕಂಡರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ತನ್ನಿ. ಒಆರ್‌ಎಸ್ ಒಂದು ಪೂರ್ತಿ ಪಾಕೀಟು ಒಂದು ಲೀಟರ್ ನೀರಿಗೆ. ಅರ್ಧ ಪಾಕೀಟು ಒಂದು ಲೋಟಕ್ಕೆ ಹಾಕುವ ಅಂದಾಜಿನ ಲೆಕ್ಕ ಬೇಡ. ಪಾಕೀಟು ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಮಗು ಅಸಂಬದ್ಧ ಮಾತಾಡಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಆಸ್ಪತ್ರೆ ಮುಟ್ಟುವವರೆಗೆ ತಂಪು ಮಾಡುವುದನ್ನು ನಿಲ್ಲಿಸಬಾರದು.

ಇನ್ನೆರಡು ಭಯ ನಮ್ಮ ಕಡೆ ನಿಜವಾದವು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಆ ಕಾಲು ಅಲುಗಾಡದಂತೆ ನೋಡಿಕೊಂಡು ಸೀದಾ ಆಸ್ಪತ್ರೆ. ವಿಷದ ಔಷಧಿ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಅಂತ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಎರಡನೆಯದು ಹೆಜ್ಜೇನು. ಕೋಟೆ ಗೋಡೆ, ಬಂಡೆಯ ಚಾಚು ಇವೇ ಅವುಗಳ ಮನೆ. ಹೊಗೆ, ಕಲ್ಲು, ಸೆಂಟು ಮೂರೂ ದೂರ ಇರಲಿ.

ಜೇವರ್ಗಿ ರಸ್ತೆಯ ಅಮ್ಮ, ನೀವು ಬರೆಯದಿದ್ದರೂ ನಿಮ್ಮ ಮನಸ್ಸಿನಲ್ಲಿ ಮುಟ್ಟಿನ ಚಿಂತೆ ಇರಬಹುದು. ಮುಟ್ಟಾದ ಹುಡುಗಿ ಗುಡ್ಡ ಹತ್ತಬಹುದು, ಏನೂ ಆಗುವುದಿಲ್ಲ. ಪ್ಯಾಡು, ಹಳೆ ಪೇಪರು, ಬಿಗಿ ಮುಚ್ಚುವ ಒಂದು ಚೀಲ ಬ್ಯಾಗಿನಲ್ಲಿರಲಿ. ಸಂಕೋಚ ಇಲ್ಲದೆ ಹೇಳಿಕೊಳ್ಳಲು ಒಬ್ಬ ಹೆಣ್ಣುಮಗಳು ಅಲ್ಲಿ ಇರುತ್ತಾರಾ? ಅದನ್ನು ಮುಖ್ಯವಾಗಿ ಕೇಳಿ.

ಯಾದಗಿರಿಯ ಹಳೆ ಕೆಡೆಟ್

ನಾನು ಶಾಲೆಯಲ್ಲಿ ಎನ್‌ಸಿಸಿ ಜೂನಿಯರ್ ವಿಂಗ್‌ನಲ್ಲಿ ಇದ್ದೆ. ಹತ್ತು ದಿನದ ಕ್ಯಾಂಪ್. ನಮ್ಮ ಮನೆಯಲ್ಲೂ ನಿಮ್ಮ ಅತ್ತೆಯವರಂಥ ಅಜ್ಜಿ ಇದ್ದರು. ಅವರು ಒಂದೇ ಒಂದು ಷರತ್ತು ಹಾಕಿದರು: ದಿನಾ ರಾತ್ರಿ ಅವಳ ಜೊತೆ ಮಲಗುವ ಟೀಚರ್ ಯಾರು, ನನಗೆ ತೋರಿಸಿ. ಅಪ್ಪ ಅಜ್ಜಿಯನ್ನು ಶಾಲೆಗೇ ಕರೆದುಕೊಂಡು ಬಂದರು. ಟೀಚರ್ ಜೊತೆ ಅರ್ಧ ಗಂಟೆ ಮಾತಾಡಿ, ಯಾವ ಊರು, ಯಾರ ಮನೆ ಎಲ್ಲ ಕೇಳಿ ಆಮೇಲೆ ಹೂಂ ಅಂದರು. ನೀವೂ ಹಾಗೆ ಮಾಡಿ ನೋಡಿ.

ದುಡ್ಡಿನ ಮಾತು ಬಂದರೆ, ಎನ್‌ಸಿಸಿ ಮತ್ತು ಸ್ಕೌಟ್ಸ್ ಗೈಡ್ಸ್ ಎರಡೂ ಬಡ ಮಕ್ಕಳ ಕೈಗೆ ಸಿಗುವಂಥವು. ಸ್ಕೌಟ್ಸ್‌ನಲ್ಲಿ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಅಂತ ಮೆಟ್ಟಿಲು ಮೆಟ್ಟಿಲಾಗಿ ವರ್ಷಗಟ್ಟಲೆ ನಡೆಯುತ್ತದೆ. ಐದು ದಿನದ್ದಕ್ಕಿಂತ ಅದು ಗಟ್ಟಿ ಅಂತ ನನ್ನ ಅನಿಸಿಕೆ. ನಿಮ್ಮ ಶಾಲೆಯಲ್ಲಿ ಗೈಡ್ಸ್ ಇದೆಯಾ, ವಿಚಾರಿಸಿ.

ಬಂಡೆ ಹತ್ತುವವ

ಬಾದಾಮಿಯ ಮರಳುಗಲ್ಲಿನಲ್ಲಿ ಕಲಿತವನು ನಾನು. ಈಗ ರಜೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಶಿಬಿರದವರಿಗೆ ಫೋನ್ ಮಾಡಿ ಕೇಳಬೇಕಾದ್ದನ್ನು ಹೇಳುತ್ತೇನೆ.

ಹಗ್ಗ ಎಷ್ಟು ವರ್ಷದ್ದು, ಎಷ್ಟು ಬಳಸಿದ್ದಾರೆ, ಬರೆದಿಟ್ಟ ಪುಸ್ತಕ ಇದೆಯಾ? ಮೇಲೆ ಹಗ್ಗ ಕಟ್ಟುವುದು ಒಂದೇ ಕಡೆಗಾ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಗಾ? ಎರಡು ಇರಲೇಬೇಕು. ಪ್ರತಿ ಮಗುವಿಗೂ ಹೆಲ್ಮೆಟ್ ಇದೆಯಾ? ರಾಫ್ಟಿಂಗ್ ಅಂದರೆ ಈಜು ಬರುವವರಿಗೂ ಲೈಫ್ ಜಾಕೆಟ್, ಹೆಲ್ಮೆಟ್ ಎರಡೂ. ಕಲಿಸುವವರು ಎಲ್ಲಿ ತರಬೇತಿ ಪಡೆದವರು? ನಮ್ಮ ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ದೇಶದಲ್ಲಿ ಡಾರ್ಜಿಲಿಂಗ್, ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳಿವೆ. ಅಂಥ ಕಡೆ ಕಲಿತವರು ಕೇಳಿದ ತಕ್ಷಣ ಹೇಳುತ್ತಾರೆ. ತಡವರಿಸಿದರೆ ಅನುಮಾನ ಪಡಿ.

ಇನ್ನೊಂದು ಮಾತು. ಜಿಪ್‌ಲೈನ್ ಮಜಾ ಕೊಡುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಮಗುವನ್ನು ಕೊಕ್ಕೆಗೆ ಸಿಕ್ಕಿಸಿ ಬಿಟ್ಟರೆ ಆ ಕಡೆ ಹೋಗಿ ನಿಲ್ಲುತ್ತದೆ, ಅಷ್ಟೇ. ಬಂಡೆಯಲ್ಲಿ ನಾನು ನೋಡುವುದು ಹತ್ತುವವಳನ್ನಲ್ಲ, ಕೆಳಗೆ ಹಗ್ಗ ಹಿಡಿದವಳನ್ನು. ಮೇಲೆ ಗೆಳತಿಯ ಕಾಲು ಜಾರಿದಾಗ ಹಗ್ಗ ಬಿಗಿದು ನಿಲ್ಲುತ್ತದೆ. ಹಿಂದೆ ನಾನೂ ಹಗ್ಗದ ತುದಿ ಹಿಡಿದಿರುತ್ತೇನೆ, ಆದರೆ ಅವಳ ಕೈಗೆ ಆ ಭಾರ ಗೊತ್ತಾಗುತ್ತದೆ. ಆಮೇಲೆ ಅವಳು ಗಂಟನ್ನು ಎರಡು ಸಲ ನೋಡದೆ ಯಾರನ್ನೂ ಹತ್ತಲು ಬಿಡುವುದಿಲ್ಲ. ಯಾರೂ ಹೇಳಬೇಕಾಗಿಲ್ಲ.

ಮತ್ತೆ, ಹೆದರಿದ ಮಗುವನ್ನು ಎಲ್ಲರ ಎದುರು ಅಣಕಿಸಿ ಹತ್ತಿಸುವ ಕಡೆಗೆ ದಯವಿಟ್ಟು ಕಳಿಸಬೇಡಿ. ಬೇಡ ಅನ್ನುವ ಹಕ್ಕು ಮಗುವಿಗೆ ಇರಬೇಕು. ಅವತ್ತು ಹತ್ತದಿದ್ದವರಿಗೆ ಹಗ್ಗ ಸುತ್ತಿಡುವ ಕೆಲಸ ಕೊಡಿ. ನಾಳೆ ತಾವೇ ಬರುತ್ತಾರೆ.

ಭಾಲ್ಕಿ ಓದುಗ

ಸಾಹಸದಿಂದ ನಾಯಕತ್ವ ಕಲಿಸುವ ಈ ವಿಚಾರ ಹುಟ್ಟಿದ ಕಥೆಯೂ ಹೀಗೇ ಇದೆ. 1941ರಲ್ಲಿ, ಯುದ್ಧದ ಕಾಲದಲ್ಲಿ, ಬ್ರಿಟನ್ನಿನ ಸರಕು ಹಡಗುಗಳು ಮುಳುಗುತ್ತಿದ್ದವು. ವಯಸ್ಸಾದ ನಾವಿಕರು ಹೇಗೋ ಬದುಕಿ ಬಂದರೆ, ಗಟ್ಟಿಮುಟ್ಟಾದ ಹುಡುಗರು ಸಾಯುತ್ತಿದ್ದಾರೆ ಅಂತ ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್‌ಗೆ ಚಿಂತೆಯಾಯಿತು. ಹುಡುಗರಿಗೆ ಬಲ ಇತ್ತು, ತಡೆದುಕೊಳ್ಳುವ ಅನುಭವ ಇರಲಿಲ್ಲ. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಕುರ್ಟ್ ಹಾನ್ ಎಂಬ ಮೇಷ್ಟ್ರ ಜೊತೆ ಸೇರಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ಶಾಲೆ ತೆರೆದರು. ಅದೇ ಔಟ್‌ವರ್ಡ್ ಬೌಂಡ್.

ಅಮೆರಿಕದಲ್ಲಿ 1965ರಲ್ಲಿ ಪಾಲ್ ಪೆಟ್ಜೋಲ್ಟ್ ಶುರು ಮಾಡಿದ, ಕಾಡು ಬೆಟ್ಟಗಳಲ್ಲೇ ಕಲಿಸುವ ನೋಲ್ಸ್ ಶಾಲೆಯಲ್ಲಿ ನಾಯಕತ್ವಕ್ಕೆ ನಾಲ್ಕು ಮುಖ ಹೇಳುತ್ತಾರೆ. ಗುಂಪು ಒಪ್ಪಿಸಿದ ಜವಾಬ್ದಾರಿ ಹೊರುವುದು ಒಂದೇ ಅಲ್ಲ. ನಾಯಕ ಹೇಳಿದ್ದನ್ನು ತಲೆ ಓಡಿಸಿ ಪಾಲಿಸುವುದೂ ನಾಯಕತ್ವ. ಯಾರೂ ಹೇಳದೆ ಪಾತ್ರೆಗೆ ಕೈ ಹಾಕುವುದೂ ನಾಯಕತ್ವ. ತನ್ನ ಕಾಲಿನ ಬೊಬ್ಬೆಯನ್ನು ಸಮಯಕ್ಕೆ ಹೇಳಿಕೊಂಡು ತನ್ನನ್ನು ನೋಡಿಕೊಳ್ಳುವುದೂ. ಸೇಡಂನ ಆ ಮಕ್ಕಳಿಗೆ ಹೇಳಿಕೊಡಬೇಕಾಗಿದ್ದು ಈ ಕೊನೆಯದನ್ನು.

ಇನ್ನು ನಮ್ಮ ಪಕ್ಕದ ಮಾತು. ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಮಾಲಾವತ್ ಪೂರ್ಣಾ ಸಮಾಜ ಕಲ್ಯಾಣದ ವಸತಿ ಶಾಲೆಯ ಹುಡುಗಿ. ಭುವನಗಿರಿಯ ಬಂಡೆಯಲ್ಲಿ ಕಲಿತು, ಡಾರ್ಜಿಲಿಂಗ್‌ನಲ್ಲಿ ತರಬೇತಿ ಪಡೆದು, 2014ರ ಮೇ 25ರಂದು ಎವರೆಸ್ಟ್ ಹತ್ತಿದಳು. ಆಗ ಅವಳಿಗೆ 13 ವರ್ಷ 11 ತಿಂಗಳು. ಭುವನಗಿರಿ ಬಂಡೆಯಂಥವು ಯಾದಗಿರಿ, ಶಹಾಪುರ, ಸುರಪುರದಲ್ಲಿ ಎಷ್ಟಿಲ್ಲ? ನಮ್ಮ ಹಾಸ್ಟೆಲ್ ಮಕ್ಕಳಿಗೆ ಹಗ್ಗ ಹಿಡಿಸುವವರು ಬೇಕು.

ಬೀದರ್ ಅಪ್ಪ

ನಮ್ಮ ಕಡೆ ಮಾಡಲು ಏನಿದೆ ಅಂತ ಅಕ್ಕಾರು ಕೇಳಿದ್ದರಲ್ಲ. ನೌಬಾದಿನ ಸುರಂಗ ಬಾವಿ ಇದೆ. ಬಹಮನಿ ಕಾಲದ ನೀರಿನ ದಾರಿ, ನೆಲದ ಕೆಳಗೆ ಹರಿಯುತ್ತದೆ. ಮೇಲೆ ಬಾವಿಯಂಥ ಬಾಯಿಗಳು ಸಾಲಾಗಿವೆ. ಒಳಗೆ ಇಳಿಯುವುದು ಬೇಡ. ಕಟ್ಟೆಯಿಂದ ದೂರ ನಿಂತು, ದಿಕ್ಸೂಚಿ ಹಿಡಿದು, ಮುಂದಿನ ಬಾಯಿ ಎಲ್ಲಿರಬಹುದು ಅಂತ ಮಕ್ಕಳೇ ನಕ್ಷೆ ಬರೆಯಲಿ. ನನ್ನ ಮಗನ ಗೆಳೆಯರು ಒಂದು ಬೆಳಗ್ಗೆ ಪೂರ್ತಿ ಇದರಲ್ಲೇ ಕಳೆದರು, ತಿಂಡಿ ಮರೆತರು. ಕೋಟೆಗೂ ಹೋಗಿ, ಆದರೆ ಅಲ್ಲಿ ರಾತ್ರಿ ತಂಗುವಂತಿಲ್ಲ.

ಚಿಂಚೋಳಿಯವ

ನಮ್ಮ ಚಂದ್ರಂಪಳ್ಳಿ ಕೆರೆ, ಗೊಟ್ಟಂಗೊಟ್ಟ ಕಾಡನ್ನು ಮರೆಯಬೇಡಿ. 2011ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 135 ಚದರ ಕಿ.ಮೀ. ಕಲಬುರಗಿಯಿಂದ ಎರಡು ಗಂಟೆಯ ದಾರಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಹೋಗಬೇಕು. ಕೆರೆಗೆ ಮಕ್ಕಳನ್ನು ಇಳಿಸಬೇಡಿ, ಎಷ್ಟೇ ಹಟ ಮಾಡಲಿ. ಶಹಾಬಾದ್ ಕಡೆಯ ನೀರು ನಿಂತ ಕಲ್ಲಿನ ಗಣಿಗಳಿಗಂತೂ ಹತ್ತಿರವೂ ಬೇಡ. ದಂಡೆ ಇರುವುದಿಲ್ಲ, ಇಳಿದರೆ ನೇರ ಆಳ.

ಜೇವರ್ಗಿ ರಸ್ತೆಯ ಅಮ್ಮ

ಎಲ್ಲರಿಗೂ ಕೈಮುಗಿದೆ. ನಿನ್ನೆ ಶಿಬಿರದವರಿಗೆ ಫೋನ್ ಮಾಡಿ ಹಗ್ಗ, ಹೆಲ್ಮೆಟ್, ಡಾಕ್ಟರು ಎಲ್ಲ ಕೇಳಿದೆ. "ಏನೂ ಆಗಲ್ಲ ಮೇಡಂ, ಪ್ರತಿ ವರ್ಷ ಮಾಡ್ತೀವಿ" ಅಂತಲೇ ಮೂರು ಸಲ ಹೇಳಿದರು. ಮಹಿಳಾ ಸಿಬ್ಬಂದಿ ಬಗ್ಗೆ "ಬಂದರೂ ಬರಬಹುದು" ಅಂದರು. ಕಳಿಸುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಮಗಳಿಗೆ ಹೇಳುವುದು ಕಷ್ಟವಾಯಿತು. ಫ್ರಿಜ್ಜಿನ ಮೇಲಿನ ಫಾರ್ಮ್ ತೆಗೆದು ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡಳು. ಆಮೇಲೆ ಈ ಚರ್ಚೆಯನ್ನು ಅವಳಿಗೇ ಓದಲು ಕೊಟ್ಟೆ. ಮೇಷ್ಟ್ರೆ, ನಿಮ್ಮ ಮುಂದಿನ ಗುಡ್ಡಕ್ಕೆ ಕಲಬುರಗಿಯ ಆರು ಹುಡುಗಿಯರು ಬರಬಹುದಾ? ಕೇಳಿದ್ದು ನಾನಲ್ಲ, ಅವಳು. ಜೊತೆಗೆ ನಾನೂ ಬರುತ್ತೇನೆ.

ಶಹಾಪುರದ ಮೇಷ್ಟ್ರು

ಬನ್ನಿ ತಾಯಿ. ಗುಡ್ಡದ ಕೆಳಗಿನ ಶಾಲೆಯ ಮೈದಾನದಲ್ಲಿ ಒಂದು ರಾತ್ರಿ ತಂಗಲು ಮುಖ್ಯೋಪಾಧ್ಯಾಯರನ್ನು ಕೇಳುತ್ತೇನೆ. ಒಂದೇ ಮಾತು: ಅಲ್ಲಿ ನೀವು ಅಮ್ಮ ಅಲ್ಲ. ಅವಳು ತಪ್ಪು ಮಾಡಿದರೆ ಓಡಿ ಬರುವಂತಿಲ್ಲ.

ಜೇವರ್ಗಿ ರಸ್ತೆಯ ಅಮ್ಮ (ಐದು ವಾರದ ನಂತರ)

ಹೋಗಿ ಬಂದೆವು. ಅತ್ತೆಯವರು ಕೊನೆಗೆ ಮಾತಾಡಿದರು. "ಅಲ್ಲಿ ಏನು ಉಣ್ತಾರೆ?" ಅಂತ ಕೇಳಿ, 60 ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಮಾಡಿ ಕಟ್ಟಿಕೊಟ್ಟರು.

ಸಂಜೆಯ ಅಡುಗೆ ಮಗಳ ಜವಾಬ್ದಾರಿ. ಗಾಳಿಗೆ ಸ್ಟೌ ಹತ್ತಲೇ ಇಲ್ಲ. ಕಡ್ಡಿಪೆಟ್ಟಿಗೆ ಅರ್ಧ ಖಾಲಿ. ನನ್ನ ಕಡೆ ತಿರುಗಿ ನೋಡಿದಳು. ನಾನು ಮೇಷ್ಟ್ರು ಹೇಳಿದ ಮಾತು ನೆನೆದು ಬೇರೆ ಕಡೆ ನೋಡಿದೆ. ಆಗ ಶಹಾಪುರದ ಇಬ್ಬರು ಹುಡುಗಿಯರು ಬಂದು ದುಪ್ಪಟ್ಟಾ ದೂರ ಎತ್ತಿಟ್ಟು, ಚಪ್ಪಟೆ ಕಲ್ಲುಗಳನ್ನು ತಂದು ಸುತ್ತ ನಿಲ್ಲಿಸಿದರು. ಹತ್ತಿತು. ಅನ್ನ ಮಾತ್ರ ಬೇಯಲಿಲ್ಲ, ಅಕ್ಕಿ ಅಕ್ಕಿಯಾಗೇ ಇತ್ತು. ಇವಳು ಎದ್ದು ನಿಂತು "ನೀರು ಕಮ್ಮಿ ಹಾಕಿದ್ದು ನಾನು, ರೊಟ್ಟಿ ಇದೆ, ಮೊದಲು ಚಿಕ್ಕವರು ಬನ್ನಿ" ಅಂದಳು.

ರಾತ್ರಿ ಅವಳ ಟೆಂಟಿನಲ್ಲಿ ಒಂದು ಹುಡುಗಿ ಮನೆ ನೆನೆದು ಅಳತೊಡಗಿದಳು. ನಾನು ಪಕ್ಕದ ಟೆಂಟಿನಲ್ಲಿ ಎಚ್ಚರ ಇದ್ದೆ. ಎಲ್ಲ ಕೇಳುತ್ತಿತ್ತು. ಎದ್ದು ಹೋಗಬೇಕು ಅಂತ ಎರಡು ಸಲ ಕೂತೆ, ಮತ್ತೆ ಮಲಗಿದೆ. ಮಗಳು ಏನೋ ಮೆಲ್ಲಗೆ ಹೇಳುತ್ತಲೇ ಇದ್ದಳು. ಅಳು ನಿಂತು ಎಷ್ಟೋ ಹೊತ್ತಾದ ಮೇಲೂ ಅವಳ ಧ್ವನಿ ಬರುತ್ತಿತ್ತು. ಬೆಳಗ್ಗೆ ಹಲ್ಲುಜ್ಜುವಾಗ "ರಾತ್ರಿ ನಿನ್ನನ್ನು ಕರೀಬೇಕು ಅನ್ನಿಸ್ತು ಅಮ್ಮ. ಕರೀಲಿಲ್ಲ" ಅಂದಳು. ನಾನು ಎಚ್ಚರ ಇದ್ದದ್ದು ಅವಳಿಗೆ ಹೇಳಿಲ್ಲ.

ಫೆಬ್ರವರಿ ಮೊದಲ ಭಾನುವಾರ ಮತ್ತೆ ಹೋಗುತ್ತೇವೆ. ಒಬ್ಬರು ದೊಡ್ಡ ಹೆಣ್ಣುಮಕ್ಕಳು ಇನ್ನೂ ಬೇಕು. ಯಾರು ಬರ್ತೀರಿ?

ಯಾದಗಿರಿಯ ಹಳೆ ಕೆಡೆಟ್

ನಾನು ಬರ್ತೀನಿ.

ಸೇಡಂನ ತಾಯಿ

ಮಗನಿಗೆ ಇದನ್ನೆಲ್ಲ ಓದಿ ಹೇಳಿದೆ. ಬರ್ತೀನಿ ಅಂತ ಇನ್ನೂ ಅಂದಿಲ್ಲ. ಆದರೆ ಅರ್ಧ ಗಂಟೆ ಬಿಟ್ಟು ಬಂದು, ಒಬ್ಬೊಬ್ಬರಿಗೆ ಎಷ್ಟು ನೀರು ಒಯ್ಯುತ್ತಾರೆ ಅಂತ ಕೇಳಿದ.

ಶಹಾಪುರದ ಮೇಷ್ಟ್ರು

ಒಬ್ಬೊಬ್ಬರಿಗೆ ಮೂರು ಲೀಟರ್. ಕೆಳಗೆ ಎರಡು ಕ್ಯಾನ್ ಬೇರೆ ಇರುತ್ತವೆ. ಅವನು ಬಂದರೆ ನೀರಿನ ಲೆಕ್ಕ ಅವನ ಕೈಯಲ್ಲೇ ಇರುತ್ತದೆ, ಹೇಳಿ ತಾಯಿ.